ಮಿಂಚಂಚೆಯ ಜೊಳ್ಳು ತೂರುವ ಬಗೆ

ಕೃಷ್ಣರಾಜನಗರದ ಕಡೆಯ ಕಣಗಳಲ್ಲಿ ಭತ್ತ ತೂರುವುದನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಕಾಳು ಭಾರ, ಜೊಳ್ಳು ಹಗುರ. ಆದುದರಿಂದ ಗಾಳಿಯೇ ಅವೆರಡನ್ನೂ ಬೇರ್ಪಡಿಸಿಬಿಡುತ್ತದೆ. ಮಿಂಚಂಚೆಗೆ ಈ ಅನುಕೂಲವಿಲ್ಲ. ಹೆಗ್ಗಡದೇವನಕೋಟೆಯ ವಿದ್ಯಾರ್ಥಿಗೆ ಬರುವ ಸಂದರ್ಶನದ ಕರೆಯೂ, ‘ನಿಮಗೆ ಲಕ್ಷ ರೂಪಾಯಿ ಬಹುಮಾನ ಬಂದಿದೆ’ ಎಂಬ ಠಕ್ಕಿನ ಓಲೆಯೂ ಒಂದೇ ಬಗೆಯ ಸೊನ್ನೆ-ಒಂದುಗಳಾಗಿ ಒಂದೇ ದಾರಿಯಲ್ಲಿ ಬರುತ್ತವೆ. ಕೇಳದೆ ರಾಶಿರಾಶಿಯಾಗಿ ಬಂದು ಬೀಳುವ ಇಂಥ ಓಲೆಗಳಿಗೆ ಸ್ಪ್ಯಾಮ್ ಎಂದು ಹೆಸರು. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುರ್ಕ್ ಎಂಬಾತ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಗಣಕಯಂತ್ರದ ಜಾಹೀರಾತನ್ನು ಒಮ್ಮೆಗೇ ಕಳುಹಿಸಿದುದೇ ಇದರ ಮೊದಲ ಪ್ರಸಂಗವೆಂದು ಹೇಳುವುದು ವಾಡಿಕೆ.

ಹುಣಸೂರಿನ ಒಂದು ಕಾಲೇಜು ತನ್ನದೇ ಅಂಚೆ ಸರ್ವರನ್ನು ನಡೆಸುತ್ತಿದೆ ಎಂದಿಟ್ಟುಕೊಳ್ಳೋಣ. ಜರಡಿಯನ್ನು ಒಬ್ಬೊಬ್ಬರ ಯಂತ್ರದಲ್ಲಿಡುವುದಕ್ಕಿಂತ, ಎಲ್ಲರ ಓಲೆಗಳೂ ಮೊದಲು ಬಂದು ಸೇರುವ ಸರ್ವರಿನಲ್ಲೇ ಇಡುವುದು ಲೇಸು. ಶ್ರಮದ ಉಳಿತಾಯ ಇದಕ್ಕೆ ಸಣ್ಣ ಕಾರಣ. ಓಲೆ ತಂದ ಯಂತ್ರದೊಡನೆ ಮುಖಾಮುಖಿ ಮಾತನಾಡುವ ಅವಕಾಶ ಸರ್ವರಿಗೆ ಮಾತ್ರ ಉಂಟು ಎಂಬುದೇ ದೊಡ್ಡ ಕಾರಣ. 1982ರಲ್ಲಿ ನಿಗದಿಯಾದ ಎಸ್‌ಎಂಟಿಪಿ ಎಂಬ ಕಟ್ಟಳೆಯಂತೆ, ಬಂದ ಯಂತ್ರವು ತನ್ನ ಹೆಸರು, ಕಳುಹಿಸಿದವರ ವಿಳಾಸ, ಪಡೆಯುವವರ ವಿಳಾಸ, ಕಡೆಗೆ ಓಲೆಯ ಒಡಲು, ಹೀಗೆ ಒಂದೊಂದಾಗಿ ಒಪ್ಪಿಸುತ್ತದೆ. ಸರ್ವರು ಹಂತಹಂತಕ್ಕೂ ಮೂರಂಕಿಯ ಉತ್ತರ ಕೊಡುತ್ತದೆ. ಮೊದಲ ಅಂಕಿ 2 ಆದರೆ ‘ಸರಿ’, 4 ಆದರೆ ‘ಈಗ ಬೇಡ, ಆಮೇಲೆ ಬಾ’, 5 ಆದರೆ ‘ಆಗದು’.

ಈ 4ರ ಉತ್ತರದಿಂದ ಒಂದು ಸೊಗಸಾದ ಉಪಾಯ ಹುಟ್ಟಿತು. 2003ರಲ್ಲಿ ಇವಾನ್ ಹ್ಯಾರಿಸ್ ಸೂಚಿಸಿದಂತೆ, ಅಪರಿಚಿತ ಯಂತ್ರವು ಮೊದಲ ಸಲ ಬಂದಾಗ ಸರ್ವರು ಅದನ್ನು ಸುಮ್ಮನೆ ಹಿಂದಕ್ಕೆ ಕಳುಹಿಸುತ್ತದೆ. ನಿಜವಾದ ಅಂಚೆ ಸರ್ವರು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರುತ್ತದೆ. ಲಕ್ಷಾಂತರ ಓಲೆ ಎರಚುವ ಆತುರಗಾರನಿಗೆ ಮರಳಿ ಬರುವ ವ್ಯವಧಾನವಿರುವುದಿಲ್ಲ. (ಈಚಿನ ಠಕ್ಕರಲ್ಲಿ ಕೆಲವರು ಇದನ್ನೂ ಕಲಿತಿದ್ದಾರೆನ್ನಿ.)

ಈ ಪರೀಕ್ಷೆ ದಾಟಿದವನ್ನು ಒಡಲು ನೋಡಿಯೇ ಅಳೆಯಬೇಕು. 2001ರಲ್ಲಿ ಜಸ್ಟಿನ್ ಮೇಸನ್ ಹೊರತಂದ ಸ್ಪ್ಯಾಮ್‌ಅಸಾಸಿನ್ ಎಂಬ ಉಚಿತ ತಂತ್ರಾಂಶವು ಒಂದೊಂದು ಲಕ್ಷಣಕ್ಕೂ ಅಂಕ ಹಾಕಿ, ಮೊತ್ತ 5 ಮುಟ್ಟಿದರೆ ಸ್ಪ್ಯಾಮ್ ಎನ್ನುತ್ತದೆ. ಆ ಲಕ್ಷಣಗಳಲ್ಲಿ ರಸವತ್ತಾದುದು ಪದಗಳ ಸಂಭವನೀಯತೆ. ಇದರ ಬೇರು 1763ರಲ್ಲಿ ಅಚ್ಚಾದ ತಾಮಸ್ ಬೇಯ್ಸನ ಪ್ರಬಂಧದಲ್ಲಿದೆ. 200 ಸ್ಪ್ಯಾಮ್ ಓಲೆಗಳನ್ನೂ 200 ಒಳ್ಳೆಯ ಓಲೆಗಳನ್ನೂ ತೋರಿಸಿ ಪಾಠ ಹೇಳುವವರೆಗೆ ಈ ಭಾಗ ಬಾಯಿ ತೆರೆಯುವುದೇ ಇಲ್ಲ. ಸರಳಗೊಳಿಸಿ ಹೇಳುವುದಾದರೆ, ‘ಬಹುಮಾನ’ ಎಂಬ ಪದ ಆ ಸ್ಪ್ಯಾಮುಗಳ ಪೈಕಿ 80ರಲ್ಲಿಯೂ ಒಳ್ಳೆಯವುಗಳ ಪೈಕಿ 4ರಲ್ಲಿಯೂ ಕಂಡಿತೆನ್ನೋಣ. ಆ ಪದವುಳ್ಳ ಹೊಸ ಓಲೆ ಸ್ಪ್ಯಾಮಾಗಿರುವ ಸಂಭವ 84ರಲ್ಲಿ 80, ಎಂದರೆ ಶೇಕಡ 95. ಆದರೆ ಅದೇ ಓಲೆಯಲ್ಲಿ ‘ಪ್ರಾಂಶುಪಾಲ’ ಎಂಬ ಪದವೂ ಇದೆ. ಅದು ಕಂಡದ್ದು 2 ಸ್ಪ್ಯಾಮುಗಳಲ್ಲಿ, 40 ಒಳ್ಳೆಯ ಓಲೆಗಳಲ್ಲಿ. ಒಂದು 20 ಪಟ್ಟು ಆ ಕಡೆ ಎಳೆದರೆ ಇನ್ನೊಂದು 20 ಪಟ್ಟು ಈ ಕಡೆ ಎಳೆಯಿತು, ತಕ್ಕಡಿ ಸಮವಾಯಿತು. ವಿಜ್ಞಾನ ಸ್ಪರ್ಧೆಯ ಬಹುಮಾನದ ಓಲೆ ಹೀಗೆ ಬದುಕಿಕೊಳ್ಳುತ್ತದೆ. ಒಂದು ಪದ ಇನ್ನೊಂದನ್ನು ಅವಲಂಬಿಸದು ಎಂದು ಇಲ್ಲಿ ಭಾವಿಸಿದ್ದೇವೆ. ಭಾಷೆಯಲ್ಲಿ ಇದು ನಿಜವಲ್ಲ. ಆದರೂ ಕೆಲಸ ನಡೆಯುತ್ತದೆ!

ಕನ್ನಡ ಓಲೆಗಳ ತೊಡಕು ಬೇರೆ. ನಮ್ಮ ಪದ ಬಹುಮಾನವನ್ನು, ಬಹುಮಾನಕ್ಕೆ, ಬಹುಮಾನದಿಂದ ಎಂದು ಪ್ರತ್ಯಯ ಹೊತ್ತು ಬರುತ್ತದೆ. ನಡುವಣ ತೆರಪು ನೋಡಿ ಪದ ಕತ್ತರಿಸುವ ಯಂತ್ರಕ್ಕೆ ಇವೆಲ್ಲ ಬೇರೆಬೇರೆ ಪದಗಳಾಗಿ, ಸಾಕ್ಷ್ಯ ಚದುರಿಹೋಗುತ್ತದೆ. ಆದುದರಿಂದ ಪಾಠಕ್ಕೆ ಕೊಡುವ ಓಲೆಗಳಲ್ಲಿ ಕನ್ನಡದವು ಧಾರಾಳವಾಗಿರಬೇಕು. ಒಳ್ಳೆಯವನ್ನಷ್ಟೇ ಕೊಟ್ಟರೆ ಕನ್ನಡ ಬಲ್ಲ ಠಕ್ಕನಿಗೆ ಹೆಬ್ಬಾಗಿಲು ತೆರೆದಂತೆ.

ಜರಡಿಯ ತಪ್ಪು ಎರಡು ಬಗೆ. ಸ್ಪ್ಯಾಮೊಂದು ನುಸುಳಿದರೆ ಎಚ್ಚರವಿದ್ದವನಿಗೆ ಕ್ಷಣದ ಬೇಸರ. ಸಂದರ್ಶನದ ಕರೆ ಮಾಯವಾದರೆ ಒಂದು ವರ್ಷವೇ ಹೋದೀತು. ಓಲೆಯನ್ನು ‘250’ ಎಂದು ಒಪ್ಪಿಕೊಂಡು, ಆಮೇಲೆ ಸದ್ದಿಲ್ಲದೆ ಅಳಿಸುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಕೆಟ್ಟ ಏರ್ಪಾಡು. ಕಳುಹಿಸಿದವರು ಅದು ತಲುಪಿತೆಂದೇ ನಂಬಿರುತ್ತಾರೆ. ಒಡಲು ಕೈಸೇರಿದ ಮೇಲೂ ಕೊನೆಯ ಉತ್ತರ ಕೊಡುವುದು ಸರ್ವರಿನ ವಶದಲ್ಲೇ ಇರುವುದರಿಂದ, ಜರಡಿ ಆ ಗಳಿಗೆಯಲ್ಲೇ ಆಡಬೇಕು. ‘550’ ಎಂದರೆ ಅವರ ಸರ್ವರು ಅವರಿಗೆ ಸುದ್ದಿ ಮುಟ್ಟಿಸುತ್ತದೆ. ಪ್ರಾಮಾಣಿಕರಾದವರು ದೂರವಾಣಿಯಲ್ಲಾದರೂ ವಿಚಾರಿಸಿಯಾರು. ಉದಾಹರಣೆಗೆ, 15 ಅಂಕ ದಾಟಿದವನ್ನು ಬಾಗಿಲಲ್ಲೇ ತಿರಸ್ಕರಿಸಿ, 5ರಿಂದ 15ರವರೆಗಿನವನ್ನು ಬೇರೊಂದು ಪೆಟ್ಟಿಗೆಯಲ್ಲಿಡಬಹುದು. ಪಿರಿಯಾಪಟ್ಟಣದಲ್ಲಿ ಕರೆಗಾಗಿ ಕಾದಿರುವ ವಿದ್ಯಾರ್ಥಿನಿ ಆ ಪೆಟ್ಟಿಗೆಯನ್ನು ದಿನಕ್ಕೊಮ್ಮೆ ತೆರೆದು, ತಪ್ಪಾಗಿ ಬಿದ್ದುದನ್ನು ‘ಇದು ಸ್ಪ್ಯಾಮಲ್ಲ’ ಎಂದು ಗುರುತಿಸಿದರೆ, ಸರ್ವರಿನ ಪಟ್ಟಿಯಲ್ಲಿ ‘ಪ್ರಾಂಶುಪಾಲ’ ಎಂಬ ಪದದ ಒಳ್ಳೆಯ ಲೆಕ್ಕ 40ರಿಂದ 41ಕ್ಕೆ ಏರುತ್ತದೆ.