ಮನೆಯ ದೊಡ್ಡ ಮತ್ಸ್ಯತೊಟ್ಟಿಗೆ ನೇರಳಾತೀತ ದೀಪದ ಆಯ್ಕೆ

ಗಾಜಿನ ತೊಟ್ಟಿಯಲ್ಲಿ ಅಲಂಕಾರದ ಮೀನುಗಳನ್ನು ಸಾಕುವ ಹವ್ಯಾಸವು ದೊಡ್ಡ ಪಟ್ಟಣಗಳಿಗೆ ಮಾತ್ರ ಮೀಸಲಾದುದಲ್ಲ. ವಿಜಯಪುರದ ಮಗ್ಗುಲಲ್ಲಿರುವ ಇಟ್ಟಂಗಿಹಾಳದಂತಹ ಗ್ರಾಮಗಳಲ್ಲಿಯೂ, ತಿಕೋಟಾ ಹಾಗೂ ಬಬಲೇಶ್ವರ ಸೀಮೆಯ ತೋಟದ ಮನೆಗಳಲ್ಲಿಯೂ ಇಂತಹ ತೊಟ್ಟಿಯನ್ನು ಇಡಬಯಸುವವರಿಗೆ ಅಡ್ಡಿಯೇನೂ ಇಲ್ಲ. ಆದರೆ ತೊಟ್ಟಿಯು ದೊಡ್ಡದಾದಷ್ಟೂ ಅದರಲ್ಲಿ ತೊಡಗಿಸಿದ ಹಣವೂ ದೊಡ್ಡದು. ಒಂದು ರೋಗವು ಹೊಕ್ಕರೆ ವರ್ಷಗಟ್ಟಲೆ ಬೆಳೆಸಿದ ಮೀನುಗಳೆಲ್ಲವೂ ಒಂದೇ ವಾರದಲ್ಲಿ ನಾಶವಾಗುವುದುಂಟು. ಇದಕ್ಕೆ ಪರಿಹಾರವಾಗಿ ಅಂಗಡಿಗಳಲ್ಲಿ ಯು.ವಿ. ಎಂಬ ಹೆಸರಿನಿಂದ ನೇರಳಾತೀತ ದೀಪಗಳು ಮಾರಾಟಕ್ಕಿರುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲಿನ ವ್ಯಾಟಿನ ಅಂಕಿಯನ್ನಷ್ಟೇ ನೋಡಿ ಹಣ ತೆರುತ್ತಾರೆ. ಅದೊಂದರಿಂದಲೇ ದೀಪದ ಯೋಗ್ಯತೆಯು ತಿಳಿಯಲಾರದು.

ಬೆಳಕಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿಯಿದೆಯೆಂಬುದನ್ನು 1877ರಲ್ಲಿ ಡೌನ್ಸ್ ಮತ್ತು ಬ್ಲಂಟ್ ಎಂಬ ಆಂಗ್ಲ ವಿಜ್ಞಾನಿಗಳು ತೋರಿಸಿದರು. 1910ರಲ್ಲಿ ಫ್ರಾನ್ಸ್ ದೇಶದ ಮಾರ್ಸೇಲ್ಸ್ ಪಟ್ಟಣದಲ್ಲಿ ಕುಡಿಯುವ ನೀರನ್ನು ಈ ಕಿರಣಗಳಿಂದ ಶುದ್ಧಿಗೊಳಿಸುವ ಪ್ರಯತ್ನವು ನಡೆಯಿತು. ಈಗ ಮನೆಗಳಲ್ಲಿ ಬಳಸುವ ದೀಪವು ಬಹುಮಟ್ಟಿಗೆ ಅದೇ ವಂಶದ್ದು. ಪಾದರಸದ ಆವಿಯಿಂದ 254 ನ್ಯಾನೋಮೀಟರಿನ ಕಿರಣವು ಹೊರಟು, ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಕೆಡಿಸಿ, ಆ ಜೀವಿಯು ಸಂತಾನ ಬೆಳೆಸದಂತೆ ಮಾಡುತ್ತದೆ. ಸಾಧಾರಣ ಗಾಜು ಈ ಕಿರಣವನ್ನು ಹಾಯಗೊಡುವುದಿಲ್ಲವಾದುದರಿಂದ ದೀಪದ ಸುತ್ತಲಿನ ತೋಳು ಸ್ಫಟಿಕದ್ದು, ಅಂದರೆ ಕ್ವಾರ್ಟ್ಜ್‌ನದು, ಆಗಿರಲೇಬೇಕು.

ಕೊಳ್ಳುವ ಮೊದಲು ದೀಪವು ಯಾವ ಕೆಲಸಕ್ಕೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ನೀರಿನಲ್ಲಿ ತೇಲಾಡುವ ಪಾಚಿಯಿಂದ ತೊಟ್ಟಿಯು ಹಸಿರಾಗಿದ್ದರೆ ಈ ದೀಪಕ್ಕೆ ಸಮನಾದ ಉಪಾಯವು ವಿರಳ. ಗಾಜಿಗೂ ಕಲ್ಲಿಗೂ ಅಂಟಿದ ಪಾಚಿಯು ಮಾತ್ರ ಇದರಿಂದ ಹೋಗುವುದಿಲ್ಲ. ಅದನ್ನು ಕೈಯಿಂದಲೇ ಉಜ್ಜಿ ತೆಗೆಯಬೇಕು. ಮೀನಿನ ಮಲ ಹಾಗೂ ಉಳಿದ ಆಹಾರದಿಂದ ಹುಟ್ಟುವ ಅಮೋನಿಯವನ್ನು ದೀಪವು ಕಳೆಯಲಾರದು. ಆ ಕೆಲಸವು ಶೋಧಕದ ಸ್ಪಂಜು ಕಲ್ಲುಗಳಿಗೆ ಅಂಟಿಕೊಂಡಿರುವ ಉಪಕಾರಿ ಬ್ಯಾಕ್ಟೀರಿಯಗಳದು. ಅವು ನೀರಿನೊಡನೆ ಕೊಳವೆಯೊಳಕ್ಕೆ ಹೋಗವಾದುದರಿಂದ ದೀಪದಿಂದ ಅವುಗಳಿಗೆ ಹಾನಿಯಿಲ್ಲ. ಈ ವಿಷಯದಲ್ಲಿ ಕೆಲವರು ಪಡುವ ಭಯವು ನಿರಾಧಾರವಾದುದು.

ಬಿಳಿಚುಕ್ಕೆ ರೋಗದ ಮಾತು ಸ್ವಲ್ಪ ಬೇರೆ. ಇದನ್ನುಂಟುಮಾಡುವ ಇಕ್ತಿಯೋಫ್ತಿರಿಯಸ್ ಎಂಬ ಸೂಕ್ಷ್ಮಜೀವಿಯು ಮೀನಿನ ಚರ್ಮದ ಕೆಳಗೆ ಬೆಳೆದು, ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ಅಲ್ಲಿ ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಒಂದೆರಡು ದಿನಗಳೊಳಗಾಗಿ ಮತ್ತೊಂದು ಮೀನನ್ನು ಸೇರದಿದ್ದರೆ ಸಾಯುತ್ತವೆ. ಈಜಾಡುವ ಆ ಅಲ್ಪಾವಧಿಯಲ್ಲಿ ಮಾತ್ರ ಅವು ದೀಪದ ಕೈಗೆ ಸಿಕ್ಕುತ್ತವೆ. ಮೀನಿನ ಮೈಮೇಲಿನ ರೋಗಕ್ಕೂ ತಳದಲ್ಲಿ ಅಡಗಿದ ಗೂಡಿಗೂ ಕಿರಣವು ತಗಲುವುದೇ ಇಲ್ಲ. ಆದಕಾರಣ ದೀಪವು ರೋಗದ ಹರಡುವಿಕೆಯನ್ನು ತಗ್ಗಿಸೀತೇ ಹೊರತು ಚಿಕಿತ್ಸೆಯಾಗಲಾರದು. ಹೊಸದಾಗಿ ತಂದ ಮೀನನ್ನು ಎರಡು ಮೂರು ವಾರ ಬೇರೊಂದು ಸಣ್ಣ ತೊಟ್ಟಿಯಲ್ಲಿಟ್ಟು ನೋಡುವುದು ಯಾವ ದೀಪಕ್ಕಿಂತಲೂ ಅಗ್ಗವಾದ ರಕ್ಷಣೆಯಾಗಿದೆ. ಈ ರೋಗವು ತಂಪು ನೀರಿನದಾದುದರಿಂದ, ವಿಜಯಪುರದ ಸೀಮೆಯಲ್ಲಿ ಬೇಸಿಗೆಗಿಂತ ಡಿಸೆಂಬರ್, ಜನವರಿಗಳ ಚಳಿಯಲ್ಲಿಯೇ ಹೆಚ್ಚು ಎಚ್ಚರವಿರತಕ್ಕದ್ದು.

ಇನ್ನು ಲೆಕ್ಕದ ವಿಷಯ. ಇಟ್ಟಂಗಿಹಾಳದ ಒಂದು ಮನೆಯ ಪಡಸಾಲೆಯಲ್ಲಿ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯಿದೆಯೆಂದು ಭಾವಿಸೋಣ. ಘನ ಅಡಿಗೆ 28.3 ಲೀಟರಿನಂತೆ 24 ಘನ ಅಡಿಗೆ ಸುಮಾರು 680 ಲೀಟರಾಯಿತು. ಮರಳು, ಕಲ್ಲು, ಮೇಲೆ ಬಿಟ್ಟ ಖಾಲಿ ಜಾಗ ಇವುಗಳನ್ನು ಕಳೆದರೆ ನೀರು 600 ಲೀಟರಿನಷ್ಟು ಉಳಿಯುತ್ತದೆ. ತಾಸಿಗೆ 600 ಲೀಟರ್ ನೀರೆತ್ತುವ ಪಂಪನ್ನು ದೀಪದ ಕೊಳವೆಗೆ ಜೋಡಿಸಿದರೆ ಒಂದು ತಾಸಿನಲ್ಲಿ ನೀರೆಲ್ಲವೂ ಬೆಳಕಿನ ಮುಂದೆ ಹಾಯ್ದುಹೋಯಿತೆಂದು ತಿಳಿಯಬಾರದು. ಹಾಯ್ದು ಬಂದ ನೀರು ಉಳಿದ ನೀರಿನೊಡನೆ ಬೆರೆಯುತ್ತಲೇ ಇರುವುದರಿಂದ, ಒಂದು ತಾಸಿಗೆ ನೂರಕ್ಕೆ 63 ಪಾಲು ನೀರು ಮಾತ್ರ ಒಮ್ಮೆಯಾದರೂ ಬೆಳಕನ್ನು ಕಂಡಿರುತ್ತದೆ. 95 ಪಾಲಾಗಲು ಮೂರು ತಾಸು ಬೇಕು. ಆದುದರಿಂದಲೇ ದೀಪವನ್ನು ದಿನಕ್ಕೆ ಒಂದೆರಡು ತಾಸು ಹಚ್ಚಿ ಆರಿಸುವ ಪದ್ಧತಿಯು ರೋಗನಿವಾರಣೆಗೆ ಸಾಲದು.

ಹಾಗಾದರೆ ಪಂಪನ್ನು ದೊಡ್ಡದು ಮಾಡಬಾರದೇಕೆ ಎಂಬ ಪ್ರಶ್ನೆಯು ಸಹಜ. ಕೊಳವೆಯು ಒಂದು ಲೀಟರ್ ನೀರು ಹಿಡಿಯುವಂತಹದಾದರೆ, ತಾಸಿಗೆ 600 ಲೀಟರಿನ ಹರಿವಿನಲ್ಲಿ ನೀರು ಬೆಳಕಿನ ಮುಂದೆ 6 ಸೆಕೆಂಡು ನಿಲ್ಲುತ್ತದೆ. 3000 ಲೀಟರಿನ ಹರಿವಿನಲ್ಲಿ 1.2 ಸೆಕೆಂಡು ಮಾತ್ರ. ದ್ರಾಕ್ಷಿಗೆ ಔಷಧ ಸಿಂಪಡಿಸುವಾಗ ಟ್ರ್ಯಾಕ್ಟರನ್ನು ಓಡಿಸಿದಷ್ಟೂ ಎಲೆಗೆ ಬೀಳುವ ಔಷಧವು ಕಡಿಮೆಯಾಗುವುದಷ್ಟೆ, ಇಲ್ಲಿಯೂ ಹಾಗೆಯೇ. ಅರೆಬರೆ ಕಿರಣ ತಗುಲಿದ ಜೀವಿಗಳು ಸಾಧಾರಣ ಬೆಳಕಿನಲ್ಲಿ ಚೇತರಿಸಿಕೊಳ್ಳಬಲ್ಲವೆಂಬುದನ್ನು 1949ರಲ್ಲಿ ಅಮೇರಿಕದ ಆಲ್ಬರ್ಟ್ ಕೆಲ್ನರ್ ಪ್ರಕಟಪಡಿಸಿದರು. ಅಂದಮೇಲೆ ದೀಪದ ಬಲ, ನೀರು ನಿಲ್ಲುವ ಕಾಲ, ಇವೆರಡರ ಗುಣಾಕಾರವೇ ನಿಜವಾದ ಅಳತೆ.

ಆ ಅಳತೆಯನ್ನು ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಜೂಲ್ ಎಂದು ಬರೆಯುತ್ತಾರೆ. ಕೆಲವು ತಯಾರಕರು ಮೈಕ್ರೋವ್ಯಾಟ್-ಸೆಕೆಂಡಿನಲ್ಲಿ ಬರೆಯುವುದರಿಂದ 30 ಎಂಬುದು 30,000 ಎಂದು ಕಾಣಿಸಿ ಕೊಳ್ಳುವವರನ್ನು ಬೆರಗುಗೊಳಿಸುತ್ತದೆ, ಎರಡೂ ಒಂದೇ. ತೇಲುವ ಪಾಚಿಗೂ ಬಹುತೇಕ ಬ್ಯಾಕ್ಟೀರಿಯಗಳಿಗೂ 30ರಿಂದ 40 ಮಿಲಿಜೂಲ್ ಇಟ್ಟುಕೊಂಡರೆ ಸಾಕು. ಬಿಳಿಚುಕ್ಕೆಯ ಮರಿಗಳಿಗೆ ಅದರ ಮೂರು ಪಟ್ಟಾದರೂ ಬೇಕು. ಮೇಲೆ ಹೇಳಿದ 600 ಲೀಟರಿನ ತೊಟ್ಟಿಗೆ, ನೀರಿನ ಹಸಿರು ಹೋದರೆ ಸಾಕೆನ್ನುವವರು 9 ಅಥವಾ 11 ವ್ಯಾಟಿನ ದೀಪವನ್ನು ಕೊಳ್ಳಬಹುದು. ರೋಗದ ತಡೆಯೂ ಬೇಕೆನ್ನುವವರು 18ರಿಂದ 25 ವ್ಯಾಟಿನ, ಉದ್ದವಾದ ಕೊಳವೆಯುಳ್ಳದ್ದನ್ನು ಆರಿಸಿ, ಹರಿವನ್ನು ತಾಸಿಗೆ 600ರಿಂದ 900 ಲೀಟರಿಗೆ ಮಿತಿಗೊಳಿಸುವುದು ಯುಕ್ತ. ಯಾವ ಹರಿವಿನಲ್ಲಿ ಎಷ್ಟು ಮಿಲಿಜೂಲ್ ದೊರೆಯುವುದೆಂಬ ಪಟ್ಟಿಯನ್ನು ಕೊಡದ ದೀಪವನ್ನು, ಅದೆಷ್ಟೇ ಅಗ್ಗವಾಗಿರಲಿ, ಕೊಳ್ಳದಿರುವುದೇ ಲೇಸು. ಪಟ್ಟಿಯಲ್ಲಿ ಕೊಟ್ಟಿರುವುದು ಹೊಸ ದೀಪದ ಅಂಕಿಯೋ, ಆಯುಷ್ಯ ಮುಗಿಯುತ್ತ ಬಂದ ದೀಪದ ಅಂಕಿಯೋ ಎಂಬುದನ್ನೂ ಕೇಳತಕ್ಕದ್ದು. ಏಕೆಂದರೆ ಎಂಟು ಒಂಬತ್ತು ಸಾವಿರ ತಾಸು, ಅಂದರೆ ಸುಮಾರು ಒಂದು ವರ್ಷ, ಉರಿದ ಮೇಲೆ ನೀಲಿ ಹೊಳಪು ಹಾಗೆಯೇ ಕಾಣುತ್ತಿದ್ದರೂ ಕೊಲ್ಲುವ ಕಿರಣವು ಬಹಳ ಕುಗ್ಗಿರುತ್ತದೆ. ಬದಲಿ ದೀಪವು ವಿಜಯಪುರದ ಪೇಟೆಯಲ್ಲಿ ದೊರೆಯುವುದೇ ಎಂದು ಮೊದಲೇ ವಿಚಾರಿಸದವರು ವರ್ಷದ ಕೊನೆಗೆ ಖಾಲಿ ಕೊಳವೆಯನ್ನಿಟ್ಟುಕೊಂಡು ಕೂಡ್ರಬೇಕಾದೀತು.

ಈ ಸೀಮೆಯ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡುಸಾದುದು. ಡ್ರಿಪ್ಪಿನ ರಂಧ್ರಗಳಲ್ಲಿ ಬಿಳಿಯ ಸುಣ್ಣವು ಕಟ್ಟುವುದನ್ನು ದ್ರಾಕ್ಷಿ ಬೆಳೆಗಾರರು ಬಲ್ಲರು. ಅದೇ ಸುಣ್ಣವು ಬಿಸಿಯಾದ ಸ್ಫಟಿಕದ ತೋಳಿನ ಮೇಲೆ ಕಟ್ಟಿ ಬೆಳಕನ್ನು ತಡೆಯುತ್ತದೆ. ಆದಕಾರಣ ತೋಳನ್ನು ಸುಲಭವಾಗಿ ಬಿಚ್ಚಿ ತೊಳೆಯಲು ಬರುವಂತಹ, ಇಲ್ಲವೆ ಹೊರಗಿನ ಹಿಡಿಯಿಂದ ಒರೆಸಲು ಬರುವಂತಹ ದೀಪವನ್ನೇ ಆರಿಸಬೇಕು. ತಿಂಗಳಿಗೊಮ್ಮೆ ತೋಳನ್ನು ವಿನಿಗರ್ ಅಥವಾ ನಿಂಬೆರಸದಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಶುದ್ಧ ನೀರಿನಲ್ಲಿ ತೊಳೆದು ಕೂಡಿಸಬಹುದು. ಕೆಸರು ನೀರಿನಲ್ಲಿಯೂ ಕಿರಣವು ದೂರ ಹಾಯದು. ಶೋಧಕವು ಮೊದಲು, ದೀಪವು ಅನಂತರ ಎಂಬ ಕ್ರಮವು ತಪ್ಪಬಾರದು. ಆದಿಲಶಾಹಿ ಕಾಲದ ವಿಜಯಪುರದಲ್ಲಿ ಪಟ್ಟಣಕ್ಕೆ ಬರುವ ನೀರನ್ನು ಗಂಜಗಳೆಂಬ ಗೋಪುರಗಳಲ್ಲಿ ನಿಲ್ಲಿಸಿ ರಾಡಿಯನ್ನು ಕೆಳಗಿಳಿಸಿ ಮುಂದೆ ಬಿಡುತ್ತಿದ್ದರು. ಆ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ.

ವಿದ್ಯುತ್ತಿನ ಖರ್ಚು ದೊಡ್ಡದಲ್ಲ. 25 ವ್ಯಾಟಿನ ದೀಪವು ಹಗಲಿರುಳು ಉರಿದರೆ ತಿಂಗಳಿಗೆ 18 ಯೂನಿಟ್ ಆಗುತ್ತದೆ. ಪಂಪಿನ ಖರ್ಚು ಬೇರೆ. ಆದರೆ ನೀರೂ ವಿದ್ಯುತ್ತೂ ಒಂದೆಡೆ ಸೇರುವಲ್ಲಿ ಭೂಸಂಪರ್ಕವೂ, ಸೋರುವ ವಿದ್ಯುತ್ತನ್ನು ಕಡಿಯುವ ಸ್ವಿಚ್ಚೂ ಇಲ್ಲದೆ ದೀಪವನ್ನು ಜೋಡಿಸಲೇಬಾರದು. ಉರಿಯುವ ದೀಪವನ್ನು ಹೊರತೆಗೆದು ನೋಡಿದರೆ ಕಣ್ಣು ಉರಿದು ಊದಿಕೊಳ್ಳುವುದು, ಚರ್ಮವೂ ಸುಡುವುದು. ಮಕ್ಕಳಿರುವ ಮನೆಯಲ್ಲಿ, ಮುಚ್ಚಳ ತೆಗೆದೊಡನೆ ತಾನಾಗಿಯೇ ಆರುವ ಜಾತಿಯದೇ ಉತ್ತಮ. ಬೆಳಕು ಹೊರಗೆ ಸೋರುವ ಬತ್ತಲೆ ದೀಪಗಳನ್ನು ನೀರಿನೊಳಗಿಳಿಸಿದರೆ ಮೀನುಗಳ ಕಣ್ಣಿಗೂ ಕೇಡು. ಹಳೆಯ ದೀಪದಲ್ಲಿ ಪಾದರಸವಿರುವುದರಿಂದ ಅದನ್ನು ಒಡೆದು ತಿಪ್ಪೆಗಾಗಲಿ, ಬಾವಿಯ ದಂಡೆಗಾಗಲಿ ಎಸೆಯಕೂಡದು.

ಮೀನಿಗೆ ಔಷಧ ಹಾಕಿದಾಗ ದೀಪವನ್ನು ಆರಿಸಿಡಬೇಕು. ಮೆಥಿಲೀನ್ ಬ್ಲೂ, ಮ್ಯಾಲಕೈಟ್ ಗ್ರೀನ್ ಮುಂತಾದವು ಈ ಕಿರಣಕ್ಕೆ ಸಿಕ್ಕಿ ಕೆಟ್ಟುಹೋಗುತ್ತವೆ. ಔಷಧದ ಅವಧಿಯು ಮುಗಿದು ನೀರನ್ನು ಭಾಗಶಃ ಬದಲಿಸಿದ ಮೇಲೆ ಮತ್ತೆ ಹಚ್ಚತಕ್ಕದ್ದು. ರೋಗದ ಗುರುತು ತಿಳಿಯದವರು ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸಬಹುದು. ಹೋಗುವಾಗ ತೊಟ್ಟಿಯ ನೀರನ್ನು ಶುಭ್ರವಾದ ಬಾಟಲಿಯಲ್ಲಿ ತುಂಬಿ, ತೊಟ್ಟಿಯ ಅಳತೆಯನ್ನೂ ಪಂಪಿನ ಹರಿವನ್ನೂ ಬರೆದುಕೊಂಡು ಹೋಗುವುದು ಒಳ್ಳೆಯದು.