ಫಿನಾಯಿಲ್ ಹಾಕಿ ಒರೆಸಿದ ನೆಲ ಬೆಕ್ಕಿಗೆ ಸುರಕ್ಷಿತವೇ?

ಜಯನಗರ, ಬನಶಂಕರಿಯ ಹಳೇ ಮನೆಗಳಿರಲಿ, ಬಿಟಿಎಂ ಲೇಔಟ್‌ನ ಬಾಡಿಗೆ ಫ್ಲ್ಯಾಟ್ ಇರಲಿ, ನೆಲ ಒರೆಸುವ ಬಕೆಟ್‌ಗೆ ಒಂದಿಷ್ಟು ಫಿನಾಯಿಲ್ ಬೀಳುವುದು ಮಾಮೂಲು. "ನಮಗೇ ಏನೂ ಆಗಲ್ಲ, ಬೆಕ್ಕಿಗೇನಾಗುತ್ತೆ?" ಎನ್ನುವವರೂ ಇದ್ದಾರೆ. ಈ ಮಾತು ಸರಿಯೇ? ನೋಡೋಣ.

ಬೆಕ್ಕಿಗೆ ಏಕೆ ಬೇರೆ ಲೆಕ್ಕ?

ಕಪ್ಪು ಫಿನಾಯಿಲ್ ಮತ್ತು ಡೆಟಾಲ್‌ನಲ್ಲಿ ಫೀನಾಲ್ ಗುಂಪಿನ ರಾಸಾಯನಿಕಗಳಿರುತ್ತವೆ. ಇಂಥವು ಸ್ವಲ್ಪ ಒಳಗೆ ಹೋದರೆ ನಮ್ಮ ಲಿವರ್ ಅದನ್ನು ಬದಲಾಯಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಈ ಕೆಲಸಕ್ಕೆ ಬೇಕಾದ ಒಂದು ಮುಖ್ಯ ಕಿಣ್ವದ ಜೀನ್ (ಯುಜಿಟಿ1ಎ6) ಬೆಕ್ಕುಗಳಲ್ಲಿ ಕೆಲಸ ಮಾಡುವುದಿಲ್ಲ ಎಂದು 2000ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಾಗಾಗಿ ವಿಷ ಅವುಗಳ ದೇಹದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ನಮಗೆ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣಕ್ಕೇ ಕುತ್ತು ತರುವುದಕ್ಕೂ ಇದೇ ಮುಖ್ಯ ಕಾರಣ.

ಬೆಕ್ಕು ಬಾಟಲಿಗೆ ಬಾಯಿ ಹಾಕಲೇಬೇಕೆಂದಿಲ್ಲ. ಒದ್ದೆ ನೆಲದ ಮೇಲೆ ನಡೆಯುತ್ತದೆ, ಆಮೇಲೆ ಕೂತು ಪಾದ ನೆಕ್ಕುತ್ತದೆ. ಅಷ್ಟು ಸಾಕು.

ನಂಬಿಕೆ ಮತ್ತು ನಿಜ

"ಪೈನ್, ನೀಲಗಿರಿ ಎಣ್ಣೆ ನೈಸರ್ಗಿಕ, ತೊಂದರೆಯಿಲ್ಲ": ತಪ್ಪು. ಬಿಳಿ ಫಿನಾಯಿಲ್‌ನಲ್ಲಿ ಬಳಸುವ ಪೈನ್ ಎಣ್ಣೆ, ನೀಲಗಿರಿ, ಟೀ ಟ್ರೀ ಎಣ್ಣೆಗಳೂ ಬೆಕ್ಕಿಗೆ ವಿಷ.

"ಚಿಗಟ ಹೋಗಲು ಡೆಟಾಲ್ ನೀರಿನ ಸ್ನಾನ ಮಾಡಿಸಿ": ತಪ್ಪು. ಚರ್ಮದಿಂದಲೂ, ನೆಕ್ಕಿದಾಗ ಬಾಯಿಂದಲೂ ಅದು ಒಳಗೆ ಹೋಗುತ್ತದೆ.

"ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ": ಬೇಡವೇ ಬೇಡ. ಟಾಯ್ಲೆಟ್ ತೊಳೆಯುವ ಆಸಿಡ್ ಒಳಗೆ ಹೋಗಿದ್ದರೆ, ವಾಂತಿಯಾದಾಗ ಗಂಟಲು ಎರಡನೇ ಸಲ ಸುಡುತ್ತದೆ. ಶ್ವಾಸಕೋಶಕ್ಕೂ ಹೋಗಬಹುದು.

ಏನು ಮಾಡಬೇಕು?

• ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬಿಡುವುದೇ ಒಳ್ಳೆಯದು. ದಿನನಿತ್ಯಕ್ಕೆ ಬಿಸಿನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು ಸಾಕು.
• ಬೇರೆ ಯಾವ ದ್ರವ ಬಳಸಿದರೂ, ಲೇಬಲ್‌ನಲ್ಲಿರುವಷ್ಟೇ ನೀರಿಗೆ ಬೆರೆಸಿ. ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ನೆಲ ಒಣಗುವ ತನಕ ಬೆಕ್ಕನ್ನು ಇನ್ನೊಂದು ರೂಮಿನಲ್ಲಿ ಬಿಡಿ.
• ಬ್ಲೀಚ್ ಮತ್ತು ಟಾಯ್ಲೆಟ್ ಆಸಿಡ್ ಬೆರೆಸಬೇಡಿ. ಅದರಿಂದ ಬರುವ ಕ್ಲೋರಿನ್ ಅನಿಲ ಬೆಕ್ಕಿಗಷ್ಟೇ ಅಲ್ಲ, ನಿಮಗೂ ಅಪಾಯ.
• ಹಳೇ ನೀರಿನ ಬಾಟಲಿಯಲ್ಲಿ ತುಂಬಿ ಮಾರುವ ಫಿನಾಯಿಲ್ ಕೊಳ್ಳಬೇಡಿ. ಲೇಬಲ್ ಇಲ್ಲದಿದ್ದರೆ ಒಳಗೇನಿದೆ ಎಂದು ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಬೆಕ್ಕು ಜೊಲ್ಲು ಸುರಿಸುತ್ತಿದೆಯೇ? ಬಾಯಲ್ಲಿ ಹುಣ್ಣು, ವಾಂತಿ, ತೂರಾಡುವ ನಡಿಗೆ, ನಡುಕ, ಉಸಿರಾಟದ ಕಷ್ಟ ಇದೆಯೇ? ಮೈಗೆ ಅಂಟಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನಲ್ಲಿ ತೊಳೆದು ಒರೆಸಿ. ನೆಕ್ಕಲು ಬಿಡಬೇಡಿ. ಬಾಟಲಿಯನ್ನೋ ಅದರ ಲೇಬಲ್‌ನ ಫೋಟೊವನ್ನೋ ಹಿಡಿದು ತಕ್ಷಣ ಪಶುವೈದ್ಯರ ಬಳಿ ಹೋಗಿ. ಬಾಯಿಹುಣ್ಣು ಕೆಲವು ಗಂಟೆಗಳ ನಂತರ ಕಾಣಿಸುವುದೂ ಉಂಟು. ಆದ್ದರಿಂದ "ಈಗ ಚೆನ್ನಾಗೇ ಇದೆಯಲ್ಲ" ಎಂದು ಕಾಯಬೇಡಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆ ಜೆಪಿ ನಗರದಿಂದ ಊರಿನ ಇನ್ನೊಂದು ತುದಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಬೆಕ್ಕಿಗೆ ಅಷ್ಟು ಸಮಯ ಇರುವುದಿಲ್ಲ. ನಿಮ್ಮ ಬಡಾವಣೆಯಲ್ಲಿ ರಾತ್ರಿಯೂ ತೆರೆದಿರುವ ಕ್ಲಿನಿಕ್ ಯಾವುದೆಂದು ಇವತ್ತೇ ವಿಚಾರಿಸಿ, ನಂಬರ್ ಸೇವ್ ಮಾಡಿಕೊಳ್ಳಿ.

ಇದನ್ನು ಬೆಕ್ಕು ಸಾಕಿರುವವರಿಗೆ ಫಾರ್ವರ್ಡ್ ಮಾಡಿ. ನಿಮ್ಮ ಮನೆಯಲ್ಲಿ ನೆಲ ಒರೆಸುವವರು ಬೇರೆಯವರಾಗಿದ್ದರೆ, ಮೊದಲು ಅವರಿಗೆ ತಿಳಿಸಿ.