ಶಾಲೆಯ ಬಾಗಿಲು, ಕಸಬಿನ ಬಾಗಿಲು

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾಗುವ ದಿನಗಳಲ್ಲಿ ನಮ್ಮ ನಾಡಿನ ಸಹಸ್ರಾರು ಮನೆಗಳಲ್ಲಿ ಒಂದೇ ಪ್ರಶ್ನೆಯು ಚರ್ಚೆಗೆ ಬರುತ್ತದೆ: ಹುಡುಗನನ್ನು ಮುಂದಕ್ಕೆ ಓದಿಸುವುದೋ, ಇಲ್ಲವೆ ಕಸಬಿಗೆ ಹಾಕುವುದೋ? ಅಂಕಗಳು ಚೆನ್ನಾಗಿ ಬಂದಿದ್ದರೆ ಈ ಪ್ರಶ್ನೆಯು ಏಳುವುದೇ ಇಲ್ಲ. ಅಂಕಗಳು ಕಡಮೆಯಾದಾಗ, ಇಲ್ಲವೆ ಮನೆಯಲ್ಲಿ ಹಣದ ಅಡಚಣೆಯಾದಾಗ ಮಾತ್ರವೇ ಅದು ತಲೆದೋರುತ್ತದೆ. ಅಂದರೆ, ಕಸಬೆಂಬುದು ಓದಲಾರದವನಿಗೆ ವಿಧಿಸತಕ್ಕ ಒಂದು ದಂಡವೆಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. ಈ ಭಾವನೆಯು ತಪ್ಪೆಂದು ನಾವು ಬಲ್ಲೆವು. ಆದರೆ ಅದನ್ನು ತಪ್ಪೆಂದು ಹೇಳಿ, ಶಾಲೆ ಬಿಟ್ಟು ಕೈಗೆ ಸುತ್ತಿಗೆ ಹಿಡಿಯಿರೆಂದು ಬಡವರ ಮಕ್ಕಳಿಗೆ ಉಪದೇಶಿಸುವುದು ಅದಕ್ಕಿಂತ ದೊಡ್ಡ ತಪ್ಪು. ಬಾಲಕನು ಶಾಲೆಯನ್ನು ಬಿಟ್ಟು ಕಸಬನ್ನು ಹಿಡಿಯಬಹುದು; ಕಲಿಕೆಯನ್ನು ಬಿಡಲಾಗದು. ಈ ಎರಡರ ನಡುವಣ ಅಂತರವನ್ನು ನಮ್ಮ ಸರಕಾರದವರೂ ಪಟ್ಟಣದ ಮಹಾಜನರೂ ಸರಿಯಾಗಿ ಗ್ರಹಿಸಿಲ್ಲವೆಂಬುದೇ ನಮ್ಮ ದೂರು.

ಕೈಗೆಲಸದ ಮೇಲಣ ಈ ತಾತ್ಸಾರಕ್ಕೆ ಪರರಾಜ್ಯವು ಕಾರಣವೆಂದು ನಾವು ಬಹುಕಾಲ ಹೇಳಿಕೊಂಡು ಬಂದಿರುವೆವು. ಅದು ಸುಳ್ಳಲ್ಲ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಇಂಗ್ಲಿಷ್ ಕಲಿತವರಿಗೆ ಸರಕಾರಿ ಹುದ್ದೆಗಳಲ್ಲಿ ಮೊದಲ ಮನ್ನಣೆಯೆಂದು ಸಾರಿದಂದಿನಿಂದ ವಿದ್ಯೆಯ ಗುರಿಯು ಕಚೇರಿಯ ಮೇಜಾಯಿತು. 1882ರ ಹಂಟರ್ ಆಯೋಗವು ಪ್ರೌಢಶಾಲೆಯ ಮೇಲಿನ ತರಗತಿಗಳನ್ನು ಎರಡಾಗಿ ಕವಲೊಡೆಸಿ, ಒಂದನ್ನು ವಿಶ್ವವಿದ್ಯಾಲಯದ ಕಡೆಗೂ ಇನ್ನೊಂದನ್ನು ವ್ಯಾಪಾರ ವ್ಯವಹಾರಗಳ ಕಡೆಗೂ ತಿರುಗಿಸಬೇಕೆಂದು ಸಲಹೆಯಿತ್ತಿತು. ಮೊದಲನೆಯ ಕವಲು ಹೊಳೆಯಾಯಿತು, ಎರಡನೆಯದು ಬತ್ತಿಹೋಯಿತು. ಸ್ವಾತಂತ್ರ್ಯವು ಬಂದ ಬಳಿಕ 1964-66ರ ಕೊಠಾರಿ ಆಯೋಗವು ಅದೇ ಮಾತನ್ನು ಇನ್ನಷ್ಟು ವಿಸ್ತಾರವಾಗಿ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮತ್ತೊಮ್ಮೆ ಹೇಳಿದೆ. ಆ ನೀತಿಯಲ್ಲಿಯೇ ಉದಾಹರಿಸಿರುವ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ (2012-17) ಅಂದಾಜಿನ ಪ್ರಕಾರ, 19ರಿಂದ 24ರ ವಯಸ್ಸಿನ ನಮ್ಮ ದುಡಿಮೆಗಾರರಲ್ಲಿ ಕ್ರಮಬದ್ಧವಾದ ವೃತ್ತಿಶಿಕ್ಷಣವನ್ನು ಪಡೆದವರು ನೂರಕ್ಕೆ ಐವರಿಗಿಂತ ಕಡಮೆ. ಅಮೆರಿಕದಲ್ಲಿ ಇವರ ಸಂಖ್ಯೆ ನೂರಕ್ಕೆ 52, ಜರ್ಮನಿಯಲ್ಲಿ 75, ದಕ್ಷಿಣ ಕೊರಿಯದಲ್ಲಿ 96. ಪರರಾಜ್ಯವು ಹೋಗಿ ಎಷ್ಟೋ ದಶಕಗಳು ಕಳೆದ ಮೇಲೆಯೂ ಈ ಅಂಕೆಗಳಿಗೆ ಹಾರ್ಡಿಂಜನನ್ನೇ ಹೊಣೆಮಾಡುವುದು ನಮಗೆ ಶೋಭಿಸದು.

ನಮ್ಮ ಮನೆಯ ದೋಷವನ್ನೂ ನೋಡೋಣ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗೆ ಸಮನಾಗಿಸಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನೂ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ನಮ್ಮ ಪೂಜ್ಯರ ಪಂಕ್ತಿಯಲ್ಲಿರುವರು. ಸಭೆಗಳಲ್ಲಿ ಅವರ ಹೆಸರನ್ನೆತ್ತಿ ಚಪ್ಪಾಳೆಯನ್ನು ಗಿಟ್ಟಿಸುವ ನಾವು, ಮನೆಗೆ ಬಂದು ಮಗನ ವಿಷಯವನ್ನು ಯೋಚಿಸುವಾಗ ಮಾತ್ರ ಕಾಯಕವನ್ನು ಅನ್ಯರ ಮಕ್ಕಳಿಗೆ ಬಿಟ್ಟುಕೊಡುತ್ತೇವೆ. ಹಿಂದೆ ಕಮ್ಮಾರನ ಮಗನು ಅಡಿಗಲ್ಲಿನ ಬಳಿಯಲ್ಲಿಯೂ ಬಡಗಿಯ ಮಗನು ಉಳಿ ಬಾಚಿಗಳ ನಡುವೆಯೂ ಬೆಳೆಯುತ್ತಿದ್ದನು. ವಿದ್ಯೆಯು ತಂದೆಯ ಕೈಯಿಂದ ಮಗನ ಕೈಗೆ ಇಳಿಯುತ್ತಿತ್ತು. ಆದರೆ ಆ ವಿದ್ಯೆಗೆ ಹೊರಗಿನವನಿಗೆ ಪ್ರವೇಶವಿರಲಿಲ್ಲ, ಒಳಗಿನವನಿಗೆ ನಿರ್ಗಮವಿರಲಿಲ್ಲ. ಜಾತಿಯೇ ಅವನ ಶಾಲೆ, ಜಾತಿಯೇ ಅವನ ಸೆರೆ. ಇಂದು ಕಸಬುದಾರನೊಬ್ಬನು ಹೊಟ್ಟೆಯನ್ನು ಕಟ್ಟಿ ಮಗನನ್ನು ಕಾಲೇಜಿಗೆ ಕಳುಹಿಸುವುದಾದರೆ, ಅವನನ್ನು ಮೂಢನೆಂದು ಯಾರೂ ಹಳಿಯಲಾಗದು. ತಾನು ಯಾವುದರಿಂದ ಪಾರಾಗಬೇಕೆಂದು ಹಂಬಲಿಸಿದನೋ ಅದನ್ನು ಅವನು ಚೆನ್ನಾಗಿ ಬಲ್ಲನು.

ಈ ಶಂಕೆಗೆ ಆಧಾರವಿಲ್ಲದಿಲ್ಲ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಶ್ರೀ ರಾಜಗೋಪಾಲಾಚಾರ್ಯರು ಗ್ರಾಮಗಳ ಪ್ರಾಥಮಿಕ ಶಾಲೆಗಳಲ್ಲಿ ಪಾಠದ ವೇಳೆಯನ್ನು ಮೊಟಕುಗೊಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ವೃತ್ತಿಯನ್ನು ಕಲಿಯಲೆಂಬ ಯೋಜನೆಯನ್ನು ಜಾರಿಗೆ ತಂದರು. ಆಗ ದಕ್ಷಿಣ ಕನ್ನಡ ಜಿಲ್ಲೆಯೂ ಆ ರಾಜ್ಯಕ್ಕೇ ಸೇರಿತ್ತು. ಶಾಲೆಗಳು ಸಾಲದಿದ್ದ ಕಾಲದಲ್ಲಿ ಇದ್ದ ಶಾಲೆಗಳಲ್ಲಿಯೇ ಹೆಚ್ಚು ಮಕ್ಕಳಿಗೆ ಎಡೆಮಾಡಿಕೊಡುವುದು ಅವರ ಉದ್ದೇಶವಾಗಿದ್ದಿತು. ಆದರೆ ಮಗನು ತಂದೆಯ ಕಸಬನ್ನೇ ಕಲಿಯಬೇಕೆಂದೊಡನೆ ಜನರ ಕಿವಿಗೆ ಬಿದ್ದುದು ಜಾತಿಯ ಹಳೆಯ ಆಜ್ಞೆಯೇ. ವಿರೋಧಿಗಳು ಅದನ್ನು ಕುಲಶಿಕ್ಷಣವೆಂದು ಕರೆದರು. 1954ರಲ್ಲಿ ರಾಜಾಜಿಯವರು ಅಧಿಕಾರವನ್ನು ಬಿಡಬೇಕಾಯಿತು. ಅವರ ತರುವಾಯ ಬಂದ ಶ್ರೀ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಶಾಲೆಯ ಸಮಯವನ್ನು ಕದ್ದು ಕಸಬಿಗೆ ಕೊಟ್ಟರೆ ಪ್ರಜೆಗಳು ಒಪ್ಪರೆಂಬುದು ಇದರಿಂದ ಸಿದ್ಧವಾಯಿತು. ಒಪ್ಪದಿದ್ದುದು ನ್ಯಾಯವೂ ಆಗಿತ್ತು.

ಮಹಾತ್ಮರ ವರ್ಧಾ ಯೋಜನೆಯನ್ನು ಇದರೊಡನೆ ಬೆರಸಕೂಡದು. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ನೆರೆದ ಸಮ್ಮೇಳನವೂ ಡಾ. ಝಾಕಿರ್ ಹುಸೇನರ ಸಮಿತಿಯೂ ಸೂಚಿಸಿದುದು ಏಳು ವರ್ಷಗಳ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು, ಅದೂ ಮಾತೃಭಾಷೆಯಲ್ಲಿ. ಕಸಬು ಅಲ್ಲಿ ಶಾಲೆಯ ಹೊರಗಿನ ವಸ್ತುವಲ್ಲ, ಪಾಠದ ನಡುಗಂಬ. ನೂಲುವ ಮಗುವಿಗೆ ನೂಲಿನಿಂದಲೇ ಲೆಕ್ಕವೂ ಭೂಗೋಳವೂ ಚರಿತ್ರೆಯೂ ದೊರೆಯಬೇಕೆಂಬುದು ಅವರ ಆಶಯ. ಆ ಯೋಜನೆಯು ನೆಲೆಗೊಳ್ಳಲಿಲ್ಲ. ಅದರ ತತ್ತ್ವವು ಮಾತ್ರ ಇಂದಿಗೂ ಸವೆದಿಲ್ಲ. ಕೈಗೆ ಕೆಲಸ ಕಲಿಸುವಾಗ ತಲೆಗೂ ಕೆಲಸ ಕೊಡಬೇಕೆಂಬುದೇ ಆ ತತ್ತ್ವ.

ಕಸಬನ್ನು ಕಲಿಯುವುದೆಂದರೆ ನಿಜವಾಗಿ ಏನೆಂಬುದನ್ನು ಕಚೇರಿಯಲ್ಲಿ ಕುಳಿತವರು ಕಾಣುವುದು ಅಪರೂಪ. ಕೈಗಾರಿಕಾ ತರಬೇತಿ ಸಂಸ್ಥೆಗೆ, ಅಂದರೆ ಐ.ಟಿ.ಐ.ಗೆ, ಫಿಟ್ಟರ್ ಕೆಲಸ ಕಲಿಯಲು ಸೇರಿದ ಹುಡುಗನಿಗೆ ಮೊದಲು ಕೊಡುವುದು ಒಂದು ಉಕ್ಕಿನ ತುಂಡು, ಒಂದು ಅರ. ಆ ತುಂಡಿನ ಮುಖವನ್ನು ಅವನು ಸಪಾಟಾಗುವಂತೆ ಉಜ್ಜಬೇಕು. ಮೂಲೆಮಟ್ಟವನ್ನಿಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ತೂರಬಾರದು. ಕೈ ಒಂದಿಷ್ಟು ಓಲಾಡಿದರೂ ಮುಖವು ಉಬ್ಬುತ್ತದೆ. ಆಮೇಲೆ ಒಂದರೊಳಗೊಂದು ಕೂಡುವ ಎರಡು ತುಂಡುಗಳನ್ನು ಮಾಡಬೇಕು. ಮೈಕ್ರೊಮೀಟರಿನಲ್ಲಿ ಅವನು ಓದುವುದು ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲನ್ನು. ದಶಾಂಶವನ್ನು ಅರಿಯದವನು ಅದನ್ನು ಓದಲಾರನು. ಲೇತಿನ ಮೇಲೆ ತಿರುಪು ಕೊರೆಯುವವನು ಗಾಲಿಗಳ ಹಲ್ಲುಗಳ ಪ್ರಮಾಣವನ್ನು ಲೆಕ್ಕಹಾಕಬೇಕು. ಮೊನಚಾಗಿ ಕಡೆಯುವವನಿಗೆ ಕೋನದ ಗಣಿತವು ಬೇಕು. ನಕ್ಷೆಯನ್ನು ನೋಡಿ ಇನ್ನೂ ಇಲ್ಲದ ವಸ್ತುವನ್ನು ಮನಸ್ಸಿನಲ್ಲಿ ಕಾಣುವ ಶಕ್ತಿಯು ಎಲ್ಲರಿಗೂ ಬೇಕು. ಇದು ಓದಲಾರದವನ ಕೆಲಸವೆಂದು ಯಾರು ಹೇಳಿಯಾರು?

ಇನ್ನು ಇದೇ ಊರಿನ ಇನ್ನೊಂದು ಬೀದಿಯನ್ನು ನೋಡಿರಿ. ಎಂಟನೆಯ ಇಲ್ಲವೆ ಒಂಬತ್ತನೆಯ ತರಗತಿಯನ್ನು ಬಿಟ್ಟ ಹುಡುಗನು ಗ್ಯಾರೇಜಿಗೆ ಸೇರುತ್ತಾನೆ. ಚಹಾ ತರುವುದು, ನೆಲ ಗುಡಿಸುವುದು, ಬೇಡಿದ ಪಾನವನ್ನು ಎತ್ತಿಕೊಡುವುದು ಅವನ ಮೊದಲ ಪಾಠಗಳು. ಚುರುಕಾದವನು ಕಣ್ಣಿನಿಂದ ಕದ್ದು ಕಲಿಯುತ್ತಾನೆ. ಹತ್ತು ವರ್ಷಗಳಲ್ಲಿ ಒಳ್ಳೆಯ ಮೇಸ್ತ್ರಿಯೂ ಆಗಬಹುದು. ಆದರೆ ಅವನ ಕೈಯಲ್ಲಿ ಪ್ರಮಾಣಪತ್ರವಿಲ್ಲ. ಯಂತ್ರದ ಜಾತಿ ಬದಲಾದರೆ ಅದರ ಪುಸ್ತಕವನ್ನು ಓದುವ ಬಲವಿಲ್ಲ. ಬೆರಳು ಹೋದರೆ ಕೇಳುವವರಿಲ್ಲ. ಇಬ್ಬರನ್ನೂ ಲೋಕವು ‘ಕಸಬು ಕಲಿಯುತ್ತಿರುವರು’ ಎಂದೇ ಹೇಳುತ್ತದೆ. ಒಬ್ಬನು ಕೆಲಸವನ್ನು ಕಲಿಯುತ್ತಿರುವನು. ಮತ್ತೊಬ್ಬನು ಕೆಲಸಕ್ಕೆ ಸಿಕ್ಕಿರುವನು.

ಕಾನೂನು ಈ ಎಡೆಯಲ್ಲಿ ಅರ್ಧ ದಾರಿ ಬಂದು ನಿಂತಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಹಕ್ಕಾಗಿ ಮಾಡಿದೆ. ಬಾಲದುಡಿಮೆಯ ಕಾಯಿದೆಗೆ 2016ರಲ್ಲಿ ಬಂದ ತಿದ್ದುಪಡಿಯು 14ರೊಳಗಿನವರನ್ನು ಕೆಲಸಕ್ಕಿಡುವುದನ್ನು ನಿಷೇಧಿಸಿ, 14ರಿಂದ 18ರವರನ್ನು ಅಪಾಯದ ಕೆಲಸಗಳಿಂದ ಮಾತ್ರ ದೂರವಿರಿಸಿದೆ. ಹಾಗಾದರೆ ಹದಿನಾಲ್ಕು ತುಂಬಿದ ಮರುದಿನ ಬಾಲಕನ ಗತಿಯೇನು? ಶಾಲೆಯು ಅವನನ್ನು ಕಡ್ಡಾಯವಾಗಿ ಹಿಡಿದುಕೊಳ್ಳದು. ಕಾರ್ಖಾನೆಯು ಕ್ರಮವಾಗಿ ಕಲಿಸದು. 1961ರ ಅಪ್ರೆಂಟಿಸ್ ಕಾಯಿದೆಯು ಹದಿನಾಲ್ಕು ತುಂಬಿದವನನ್ನು ಲಿಖಿತ ಕರಾರಿನ ಮೇಲೆ, ವೇತನವಿತ್ತು, ಕಲಿಸಲು ತೆಗೆದುಕೊಳ್ಳಬಹುದೆನ್ನುತ್ತದೆ. ಆದರೆ 2019ರಲ್ಲಿ ತಿದ್ದಿದ ನಿಯಮಗಳಂತೆ ಈ ಹೊಣೆಯು ಕಡ್ಡಾಯವಾಗಿರುವುದು ಮೂವತ್ತು ಮಂದಿಗೆ ಕಡಮೆಯಿಲ್ಲದೆ ದುಡಿಯುವ ಉದ್ಯಮಗಳಿಗೆ. ನಾಲ್ವರಿಗಿಂತ ಕಡಮೆ ಮಂದಿಯಿರುವ ಅಂಗಡಿಗೆ ಕಾಯಿದೆಯ ಬಾಗಿಲೇ ಇಲ್ಲ. ಶಾಲೆ ಬಿಟ್ಟ ಹುಡುಗನು ಹೋಗಿ ಸೇರುವುದು ಬಹುಮಟ್ಟಿಗೆ ಅಂಥ ಅಂಗಡಿಯನ್ನೇ.

ಜರ್ಮನಿಯವರು ಈ ಗಂಟನ್ನು ಹೇಗೆ ಬಿಡಿಸಿದರೆಂಬುದು ಗಮನಾರ್ಹ. ಅಲ್ಲಿಯ ಹುಡುಗನು ಹದಿನಾರರ ಸುಮಾರಿಗೆ ಶಾಲೆಯನ್ನು ಬಿಟ್ಟು ಕಾರ್ಖಾನೆಯೊಡನೆ ಕರಾರು ಮಾಡಿಕೊಂಡರೂ, ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆಯಲ್ಲಿ ಕುಳಿತು ಗಣಿತವನ್ನೂ ಭಾಷೆಯನ್ನೂ ಕಸಬಿನ ಶಾಸ್ತ್ರವನ್ನೂ ಓದುತ್ತಾನೆ. ಮೂರು ಮೂರೂವರೆ ವರ್ಷಗಳ ಕೊನೆಗೆ ಅವನನ್ನು ಪರೀಕ್ಷಿಸುವವನು ಅವನ ಧಣಿಯಲ್ಲ, ಉದ್ಯಮಿಗಳ ಮಂಡಲಿ. 1969ರ ಕಾಯಿದೆಯು ಇದಕ್ಕೆ ದೇಶವ್ಯಾಪಿಯಾದ ಕಟ್ಟನ್ನು ಕೊಟ್ಟಿತು. ಅವನು ಶಾಲೆಯನ್ನು ಬಿಟ್ಟನೆಂದರೂ ಸರಿಯೆ, ಬಿಡಲಿಲ್ಲವೆಂದರೂ ಸರಿಯೆ.

ನಮ್ಮಲ್ಲಿ ಇಂಥದಕ್ಕೆ ನೆಲವಿಲ್ಲವೆಂದು ನಿರಾಶರಾಗಬೇಕಾದುದಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋಗಿ, ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ಕಣ್ಣಿನ ದೋಷದಿಂದ ಅದನ್ನು ಬಿಟ್ಟರು. ಬಿಟ್ಟು ಸುಮ್ಮನಾಗಲಿಲ್ಲ, ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ಇಟ್ಟರು. ಕಬ್ಬಿಣದ ನೇಗಿಲನ್ನು ಮಾಡಿದರು. 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಒಂದು ಶಾಲೆಯು ಮುಚ್ಚಿದಾಗ ಇನ್ನೊಂದು ತೆರೆದಿದ್ದುದರಿಂದಲೇ ಇದು ಸಾಧ್ಯವಾಯಿತು. ಮುಂದೆ 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯೂ 1953ರಲ್ಲಿ ಎಚ್.ಎಂ.ಟಿ.ಯೂ ಬೆಂಗಳೂರಿಗೆ ಬಂದು, ತಮ್ಮ ತರಬೇತಿ ಶಾಲೆಗಳಲ್ಲಿ ಹಳ್ಳಿಯ ಹುಡುಗರನ್ನು ನುರಿತ ಕಸಬುದಾರರನ್ನಾಗಿ ಮಾಡಿದುವು. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಹಲವು ಅಂಥ ಕೈಗಳಿಂದಲೇ ಹುಟ್ಟಿದುವು. ಡೆನ್ಮಾರ್ಕಿನವರ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಅಚ್ಚು ಮತ್ತು ಉಪಕರಣಗಳನ್ನು ತಯಾರಿಸುವ ವಿದ್ಯೆಯನ್ನು ಕಲಿಸುತ್ತ ಬಂದಿದೆ.

ಹಿಂದಿರುಗುವ ದಾರಿಗಳೂ ಕೆಲವು ಇರುವುವು, ಜನರಿಗೆ ತಿಳಿದಿಲ್ಲವಷ್ಟೆ. ವೆಲ್ಡರ್, ವೈರ್‌ಮನ್ ಮುಂತಾದ ಕೆಲವು ಕಸಬುಗಳಿಗೆ ಎಂಟನೆಯ ತರಗತಿಯು ಮುಗಿದಿದ್ದರೆ ಐ.ಟಿ.ಐ.ಯಲ್ಲಿ ಪ್ರವೇಶವುಂಟು. ಐ.ಟಿ.ಐ. ಪಡೆದವನು ಮುಕ್ತ ಶಾಲೆಯ ಮೂಲಕ ಭಾಷಾ ಪರೀಕ್ಷೆಯನ್ನು ಬರೆದು ಶಾಲೆಯ ತರಗತಿಯ ಸಮಾನತೆಯನ್ನು ಗಳಿಸಲು 2016ರ ಒಪ್ಪಂದವೊಂದು ಎಡೆಮಾಡಿದೆ. ಎಸ್.ಎಸ್.ಎಲ್.ಸಿ. ಬಳಿಕ ಎರಡು ವರ್ಷದ ಐ.ಟಿ.ಐ. ಮುಗಿಸಿದವನಿಗೆ ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ನಮ್ಮ ರಾಜ್ಯದಲ್ಲಿ ಅವಕಾಶವಿದೆ. ಡಿಪ್ಲೊಮಾದಿಂದ ಇಂಜಿನಿಯರಿಂಗ್ ಪದವಿಗೂ ಮೆಟ್ಟಿಲುಂಟು. ಹಳ್ಳಿಯ ತಂದೆಗೆ ಇದನ್ನು ಹೇಳುವವರಾರು? ಮಗಳು ಕಸಬು ಕಲಿಯುವುದೆಂದರೆ ಹೊಲಿಗೆಯೊಂದೇ ಎಂದು ನಂಬಿದ ತಾಯಿಗೆ, ವಿದ್ಯುತ್ತಿನ ಕೆಲಸವೂ ಯಂತ್ರದ ಕೆಲಸವೂ ಅವಳಿಗೆ ತೆರೆದಿವೆಯೆಂದು ತಿಳಿಸುವವರಾರು?

ಆದುದರಿಂದ ಅಧಿಕಾರಿಗಳಲ್ಲಿ ನಾಲ್ಕು ಮಾತುಗಳನ್ನು ವಿನಯಪೂರ್ವಕವಾಗಿ, ಆದರೆ ದೃಢವಾಗಿ ಅರಿಕೆ ಮಾಡುತ್ತೇವೆ. ಮೊದಲನೆಯದು, ಹದಿನೆಂಟು ತುಂಬುವುದರೊಳಗೆ ಶಾಲೆಯ ಹಾಜರಿಯಿಂದ ಹೆಸರು ಹೊಡೆದುಹೋದ ಪ್ರತಿಯೊಬ್ಬ ಬಾಲಕ ಬಾಲಕಿಯ ಪಟ್ಟಿಯು ಹತ್ತಿರದ ಐ.ಟಿ.ಐ.ಗೆ ಮುಟ್ಟಲಿ, ಅಲ್ಲಿಯವರು ಮನೆಗೆ ಹೋಗಿ ವಿಚಾರಿಸಲಿ. ಎರಡನೆಯದು, ಗ್ಯಾರೇಜು ವರ್ಕ್‌ಶಾಪುಗಳಲ್ಲಿ ಆಗಲೇ ದುಡಿಯುತ್ತಿರುವವರಿಗೆ ಐ.ಟಿ.ಐ.ಗಳ ಬಾಗಿಲು ಸಂಜೆಯ ಹೊತ್ತಿನಲ್ಲಿ ತೆರೆಯಲಿ. ಕಣ್ಣಿನಿಂದ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ತಾಲ್ಲೂಕಿನ ಮಟ್ಟಕ್ಕೆ ಇಳಿಯಲಿ. ಮೂರನೆಯದು, ಹೊಸ ಯಂತ್ರಗಳನ್ನು ಕೊಂಡಷ್ಟೇ ಆಸಕ್ತಿಯಿಂದ ಬೋಧಕರನ್ನೂ ನೇಮಿಸಲಿ. ಕಲಿಸುವವನಿಲ್ಲದ ಯಂತ್ರವು ದೇವರಿಲ್ಲದ ರಥ. ನಾಲ್ಕನೆಯದು, ಕಸಬಿನ ಪುಸ್ತಕಗಳು ತಿಳಿಗನ್ನಡದಲ್ಲಿ ಬರಲಿ. ಅರ, ಬೈರಿಗೆ, ಇಕ್ಕುಳ, ತಿದಿ ಎಂಬ ಮಾತುಗಳನ್ನು ನಮ್ಮ ಕಸಬುದಾರರು ಶತಮಾನಗಳಿಂದ ಕಾಪಾಡಿಕೊಂಡು ಬಂದಿರುವರು. ಅವರ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಪಾಠ ಹೇಳಲು ನಮಗೆ ಸಂಕೋಚವೇಕೆ?

ಪಟ್ಟಣದ ಮಹಾಜನರಲ್ಲಿಯೂ ಒಂದು ಮಾತು. ಮನೆಯ ತಂತಿ ಸುಟ್ಟಾಗ, ನಲ್ಲಿ ಒಡೆದಾಗ, ಬಂಡಿ ನಿಂತಾಗ ಕೈಬಲ್ಲವನನ್ನು ಹುಡುಕಿ ಅಲೆಯುವ ನಾವು, ಅವನು ಬಂದಾಗ ಏಕವಚನದಲ್ಲಿ ಕರೆದು, ಕೂಲಿಯಲ್ಲಿ ಚೌಕಾಸಿ ಮಾಡಿ ಕಳುಹಿಸುತ್ತೇವೆ. ಈ ನಡತೆಯನ್ನು ನೋಡಿ ಬೆಳೆಯುವ ಹುಡುಗನಿಗೆ ಕಸಬಿನ ಮಹಿಮೆಯನ್ನು ಯಾವ ಸರಕಾರದ ಆಜ್ಞೆಯೂ ಮನಗಾಣಿಸಲಾರದು. ಕಸಬಿಗೆ ಗೌರವವು ಬಂದಿತೆಂದು ನಾವು ಒಪ್ಪುವುದು ಬಡವನ ಮಗನು ಐ.ಟಿ.ಐ. ಸೇರಿದಾಗ ಅಲ್ಲ, ತಹಸೀಲ್ದಾರರ ಮಗನು ತನ್ನ ಇಚ್ಛೆಯಿಂದ ಸೇರಿ, ತಂದೆಯು ಅದನ್ನು ನಾಲ್ವರೆದುರಿಗೆ ಸಂತೋಷದಿಂದ ಹೇಳಿಕೊಂಡಾಗ. ಆ ದಿನವನ್ನು ಹತ್ತಿರಕ್ಕೆ ತರುವ ಹೊಣೆಯು ಓದು ಬಲ್ಲವರದೇ ಆಗಿದೆ.